ಮನೆಮಂದಿಯೆಲ್ಲ ಕೂತು ನೋಡೋ ಲವ್ ಕಾಮಿಡಿ ಹೌದೋ ಅಲ್ವೋ, ಮೊದಲೇ ತಿಳಿಯೋದು ಹೇಗೆ?

ಬ್ರಹ್ಮಪುರದ ಸೊಸೆ
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವಳು. ಮಕ್ಕಳಿಗೆ ರಜೆ, ನಾದಿನಿ ಊರಿಗೆ ಬಂದಿದ್ದಾಳೆ, ಹನ್ನೊಂದರ ಮೇಲೆ ಹೊರಗೆ ಕಾಲಿಡಲಾಗದ ಬಿಸಿಲು. ಭಾನುವಾರ ಎಲ್ಲರೂ ಎಸಿ ಥಿಯೇಟರಿಗೆ ಹೋಗಿ ಒಂದು ಸಿನಿಮಾ ನೋಡೋಣ ಅಂತ ಮಾತಾಯಿತು. ಎಲ್ಲರೂ ಅಂದರೆ ಅತ್ತೆ, ಮಾವ, ನಾವಿಬ್ಬರು, ನಾದಿನಿ, ಅವಳ 14 ವರ್ಷದ ಮಗಳು, ನನ್ನ 9 ವರ್ಷದ ಮಗ. ಹೊಸ ಲವ್ ಕಾಮಿಡಿ ಒಂದು ಬಂದಿದೆ, ಟ್ರೇಲರ್ ನೋಡಿದರೆ ಚೆನ್ನಾಗಿದೆ ಅನಿಸುತ್ತದೆ. ಪೋಸ್ಟರ್ ಮೇಲೆ ಯುಎ 13+ ಅಂತ ಇದೆ.

ಹಿಂದೆ ಹೀಗೇ ‘ಪಕ್ಕಾ ಫ್ಯಾಮಿಲಿ ಎಂಟರ್‌ಟೈನರ್’ ಅಂತ ಹೇಳಿದ್ದನ್ನು ನಂಬಿ ಹೋಗಿದ್ದೆವು. ಅರ್ಧಕ್ಕೆ ಮಾವ ಎದ್ದು ಹೊರಗೆ ಹೋಗಿ ಗಾಡಿ ಹತ್ತಿರ ನಿಂತುಬಿಟ್ಟರು. ಮನೆಗೆ ಬಂದ ಮೇಲೂ ಯಾರೂ ಯಾರ ಮುಖ ನೋಡಲಿಲ್ಲ. ಸಿನಿಮಾ ಹೆಸರು ಹಾಕುತ್ತಿಲ್ಲ, ಹಾಕಿದರೆ ಚರ್ಚೆ ಹೀರೋ ಅಭಿಮಾನಿಗಳ ಜಗಳಕ್ಕೆ ತಿರುಗುತ್ತದೆ. ಯಾವ ಸಿನಿಮಾ ಆದರೂ ಸರಿ, ಮನೆಯವರ ಜೊತೆ ನೋಡಬಹುದಾ ಅಂತ ನೀವು ಹೇಗೆ ತಿಳಿದುಕೊಳ್ಳುತ್ತೀರಿ?

ಗಂಜ್ ಹುಡುಗ
ಟ್ರೇಲರ್ ಒಂದನ್ನು ನಂಬಬೇಡಿ ಅಕ್ಕ. ಎಡವಟ್ಟು ಸೀನ್ ಯಾವುದೂ ಅದರಲ್ಲಿ ಇರಲ್ಲ.

ಸೇಡಂ ರಸ್ತೆ
ಮೊದಲು ಸರ್ಟಿಫಿಕೇಟ್ ಏನು ಹೇಳುತ್ತೆ, ಏನು ಹೇಳಲ್ಲ ಅಂತ ನೋಡೋಣ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಂದೇ ಆಗಿದ್ದ ಯುಎ ಈಗ ಮೂರಾಗಿದೆ: 7+, 13+, 16+. ಆದರೆ ಇವು ಮೂರೂ ತಂದೆ ತಾಯಿಗೆ ಕೊಡುವ ಸೂಚನೆ ಮಾತ್ರ. ನಿಮ್ಮ 9 ವರ್ಷದ ಮಗನನ್ನು ಯುಎ 13+ ಸಿನಿಮಾಕ್ಕೆ ಕರೆದುಕೊಂಡು ಹೋದರೆ ಗೇಟಿನವನು ತಡೆಯೋ ಹಾಗಿಲ್ಲ. ‘ಎ’ ಇದ್ದರೆ ಮಾತ್ರ 18 ತುಂಬದವರನ್ನು ಒಳಗೆ ಬಿಡುವಂತಿಲ್ಲ.

ಅಂದರೆ 13+ ಅಂತ ಇದ್ದರೆ ಸಣ್ಣ ಮಕ್ಕಳಿಗೆ ಹೊಂದದ ಏನೋ ಒಂದು ಇದೆ ಅಂತ ಸೆನ್ಸಾರ್ ಬೋರ್ಡಿನವರು ಹೇಳಿದ್ದಾರೆ ಅಂತಾಯಿತು. ಅದು ಹೊಡೆದಾಟವಾ, ಕುಡಿತವಾ, ಬೈಗುಳವಾ, ಹಾಸಿಗೆ ಸೀನಾ ಅಂತ ಆ ಒಂದು ಅಂಕಿಯಿಂದ ತಿಳಿಯಲ್ಲ. ಅದನ್ನು ನೀವೇ ಹುಡುಕಬೇಕು.

ಆಳಂದದ ಮೇಷ್ಟ್ರು
ಸೇಡಂ ರಸ್ತೆಯವರು ಹೇಳಿದ್ದು ಸರಿ. ಸ್ವಲ್ಪ ಹಿಂದಿನದನ್ನೂ ಸೇರಿಸುತ್ತೇನೆ. ಕಾಯ್ದೆ 1952ರದು. ಆಗ ಇದ್ದದ್ದು ಎರಡೇ, ಎಲ್ಲರೂ ನೋಡಬಹುದಾದ ಯು ಮತ್ತು ದೊಡ್ಡವರಿಗೆ ಮಾತ್ರ ಇರುವ ಎ. 1983ರಲ್ಲಿ ಯುಎ ಸೇರಿತು. 12ರ ಒಳಗಿನ ಮಕ್ಕಳಾದರೆ ದೊಡ್ಡವರು ಯೋಚಿಸಿ ಕರೆತರಬೇಕು ಅನ್ನೋದು ಅದರ ಅರ್ಥ. ಎಲ್ಲ ವಯಸ್ಸಿನ ಮಕ್ಕಳಿಗೂ ಒಂದೇ ಯುಎ ಚೀಟಿ ಸಾಲದು ಅಂತ 2016ರಲ್ಲಿ ನಿರ್ದೇಶಕ ಶ್ಯಾಮ್ ಬೆನೆಗಲ್ ಅವರ ಸಮಿತಿ ಹೇಳಿತ್ತು. ಅವರು ಕೇಳಿದ್ದು 12 ಮತ್ತು 15. ಕಾನೂನಾಗಿ ಬಂದಿದ್ದು 7, 13, 16.

ಇನ್ನೊಂದು ಮಾತು. ನಮ್ಮ ಕಾಲದ ಸಿನಿಮಾ ಎಲ್ಲ ಶುದ್ಧ, ಈಗಿನವು ಕೆಟ್ಟವು ಅಂತ ಯಾರಾದರೂ ಬರೆಯೋಕೆ ಮುಂಚೆ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲೂ ಹೀರೋ ಹುಡುಗಿಯ ದಾರಿಗೆ ಅಡ್ಡ ನಿಂತು, ಸೆರಗು ಎಳೆದು ಹಾಡುತ್ತಿದ್ದ. ನಾವು ಅಪ್ಪ ಅಮ್ಮನ ಪಕ್ಕದಲ್ಲೇ ಕೂತು ಚಪ್ಪಾಳೆ ಹೊಡೆದಿದ್ದೇವೆ. ಯಾರೂ ಎದ್ದು ಹೋಗಲಿಲ್ಲ.

ಬೀದರ್ ಕೋಟೆ
ಅಷ್ಟೆಲ್ಲ ಯಾಕೆ? ಮುತ್ತಿನ ಸೀನ್ ಇದೆಯಾ ಇಲ್ವಾ ಅಂತ ಒಬ್ಬರನ್ನು ಕೇಳಿ. ಇಲ್ಲ ಅಂದರೆ ಹೋಗಿ.

ಸೇಡಂ ರಸ್ತೆ
ಮುತ್ತು ಇಲ್ಲದ, ಆದರೆ ಮನೆಯವರ ಜೊತೆ ಕೂತು ನೋಡಲಾಗದ ಸಿನಿಮಾಗಳ ಪಟ್ಟಿಯೇ ಕೊಡಬಲ್ಲೆ. ಮುತ್ತು ಕಥೆಗೆ ಬೇಕಿದ್ದರೆ ತೋರಿಸಲಿ ಅಂತ ಸೆನ್ಸಾರ್ ಬಗ್ಗೆ ಸರ್ಕಾರ ನೇಮಿಸಿದ್ದ ಖೋಸ್ಲಾ ಸಮಿತಿ 1969ರಲ್ಲೇ ಹೇಳಿದೆ. ನಾವು ಇನ್ನೂ ಅದನ್ನೇ ಹಿಡಿದು ಕೂತಿದ್ದೇವೆ.

ಬೀದರ್ ಕೋಟೆ
ಸಮಿತಿ ಹೇಳಿದ್ದು ಸಮಿತಿಗೆ. ನಮ್ಮಪ್ಪನ ಪಕ್ಕದಲ್ಲಿ ಕೂತವನು ನಾನು.

ರೋಜಾ ಏರಿಯಾ
ಬೀದರ್‌ನವರ ಮಾತಲ್ಲಿ ಒಂದು ಸತ್ಯ ಇದೆ. ಮುಜುಗರ ಆಗೋದು ಸೀನಿನಿಂದ ಅಲ್ಲ, ಪಕ್ಕದ ಸೀಟಿನಿಂದ. ಅದೇ ಸಿನಿಮಾವನ್ನು ನಾನು ಅಕ್ಕತಂಗಿಯರ ಜೊತೆ ಹೊಟ್ಟೆ ಹಿಡಿದುಕೊಂಡು ನಕ್ಕು ನೋಡಿದ್ದೇನೆ. ಮಾವನವರ ಪಕ್ಕ ಕೂತಿದ್ದರೆ ಆಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಈಗ ಹೀಗೆ ಮಾಡುತ್ತೇವೆ. ಟಿಕೆಟ್ ಒಂದೇ ಸಾಲಿನಲ್ಲಿ ತೆಗೆಯಲ್ಲ. ಹೆಂಗಸರು, ಹುಡುಗಿಯರು ಒಂದು ಸಾಲು. ಗಂಡಸರು ಅದಕ್ಕಿಂತ ಎರಡು ಸಾಲು ಹಿಂದೆ. ಸಣ್ಣವರು ಅಮ್ಮಂದಿರ ಜೊತೆ. ಇಂಟರ್‌ವೆಲ್‌ನಲ್ಲಿ ಎಲ್ಲರೂ ಸೇರಿ ಚಾ ಕುಡಿಯುತ್ತೇವೆ. ಇದು ಶುರುವಾದ ಮೇಲೆ ನಮ್ಮ ಅತ್ತೆ ಎಷ್ಟು ಜೋರಾಗಿ ನಗುತ್ತಾರೆ ಅಂತ ನನಗೆ ಗೊತ್ತಾಗಿದ್ದು. ಹಿರಿಯರಿಗೆ ಇಷ್ಟ ಆಗಲ್ಲ ಅಂತ ನಾವೇ ಅಂದುಕೊಳ್ಳೋದು ಜಾಸ್ತಿ.

ಬ್ರಹ್ಮಪುರದ ಸೊಸೆ
ಇದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಹೈಸ್ಕೂಲ್ ಟೀಚರ್
ಎಲ್ಲರೂ ದೊಡ್ಡವರ ಮುಜುಗರದ ಬಗ್ಗೆ ಮಾತಾಡುತ್ತಿದ್ದೀರಿ. ಮುಜುಗರ ಅರ್ಧ ಗಂಟೆಯಲ್ಲಿ ಹೋಗುತ್ತೆ. ನನಗೆ ಚಿಂತೆ 14 ವರ್ಷದ ಹುಡುಗಿ ಮತ್ತು 9 ವರ್ಷದ ಹುಡುಗ ಆ ಸಿನಿಮಾದಿಂದ ಏನು ಕಲಿತು ಬರುತ್ತಾರೆ ಅನ್ನೋದು.

ನಾನು ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಒಂದು ಲವ್ ಕಾಮಿಡಿ ಜೋರಾಗಿ ಓಡುತ್ತಿದ್ದಾಗ ನಡೆದಿದ್ದು ಇದು. ಅದರಲ್ಲಿ ಹೀರೋ ದಿನಾ ಹುಡುಗಿ ಹಿಂದೆ ಬೈಕಿನಲ್ಲಿ ಹೋಗುತ್ತಾನೆ, ಅವಳು ಬೈಯುತ್ತಾಳೆ, ಥಿಯೇಟರ್ ನಗುತ್ತೆ, ಕೊನೆಗೆ ಅವಳೇ ಬಂದು ಒಪ್ಪುತ್ತಾಳೆ. ನಮ್ಮ ಕ್ಲಾಸಿನ ನಾಲ್ಕೈದು ಹುಡುಗರು ಸಂಜೆ ಬೆಲ್ ಆದ ಮೇಲೆ ಒಬ್ಬ ಹುಡುಗಿಯ ಹಿಂದೆ ಟಂಟಂ (ಶೇರ್ ಆಟೋ) ಸ್ಟ್ಯಾಂಡ್‌ವರೆಗೆ ಹೋಗೋಕೆ ಶುರು ಮಾಡಿದರು. ಅದೇ ಡೈಲಾಗು, ಅದೇ ಸೀಟಿ. ಹುಡುಗಿ ಯಾರಿಗೂ ಹೇಳಲಿಲ್ಲ. ಟಂಟಂ ಬಿಟ್ಟು, ಅವಳ ಓಣಿಯ ಹುಡುಗಿಯರ ಜೊತೆ ಸುತ್ತು ಹಾಕಿ ನಡೆದುಕೊಂಡು ಹೋಗತೊಡಗಿದಳು, ಅದೂ ಏಪ್ರಿಲ್ ಬಿಸಿಲಲ್ಲಿ. ಅವರಮ್ಮ ಬಂದು ‘ಯಾಕ್ರಿ ಟೀಚರ್, ದಿನಾ ಲೇಟು’ ಅಂತ ಕೇಳಿದಾಗ ನನಗೆ ಗೊತ್ತಾಯಿತು. ಆ ಹುಡುಗರನ್ನು ಕರೆದು ಕೇಳಿದರೆ ಒಬ್ಬ ಏನಂದ ಗೊತ್ತಾ? ‘ಮೊದ್ಲು ಬೈತಾರ್ರೀ ಟೀಚರ್, ಆಮೇಲೆ ಒಪ್ತಾರ.’ ಅವನ ಮುಖದಲ್ಲಿ ತಪ್ಪು ಮಾಡಿದ ಭಾವನೆ ಚೂರೂ ಇರಲಿಲ್ಲ. ಅವನು ನಿಜವಾಗಿ ಹಾಗೇ ನಂಬಿದ್ದ.

ಆ ಸಿನಿಮಾದಲ್ಲಿ ಒಂದು ಮುತ್ತೂ ಇರಲಿಲ್ಲ. ಮನೆಮಂದಿಯೆಲ್ಲ ಹೋಗಿ ನೋಡಿ ಬಂದಿದ್ದರು.

ನನ್ನ ಅಳತೆ ಒಂದೇ. ಹುಡುಗಿ ‘ಬೇಡ’ ಅಂದ ಮೇಲೆ ಹುಡುಗ ಏನು ಮಾಡುತ್ತಾನೆ? ಸುಮ್ಮನಾಗುತ್ತಾನಾ, ದೂರ ಸರಿಯುತ್ತಾನಾ, ಇಲ್ಲ ಅದನ್ನೇ ಕಾಮಿಡಿ ಮಾಡುತ್ತಾರಾ? ಸಿನಿಮಾ ನೋಡಿ ಬಂದವರನ್ನು ಇದೊಂದು ಕೇಳಿ. ಉಳಿದದ್ದೆಲ್ಲ ಆಮೇಲೆ.

ಗಂಜ್ ಹುಡುಗ
ಟೀಚರ್ 👏

ಕೋರ್ಟ್ ರಸ್ತೆ ವಕೀಲ
ಟೀಚರ್ ಹೇಳಿದ್ದಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. ಬೇಡ ಅಂತ ಸ್ಪಷ್ಟವಾಗಿ ಹೇಳಿದ ಮೇಲೂ ಹೆಣ್ಣುಮಗಳ ಹಿಂದೆ ಬೀಳೋದು, ಮತ್ತೆ ಮತ್ತೆ ಮಾತಾಡಿಸೋಕೆ ನೋಡೋದು, ಅವಳು ಫೋನು, ಇಂಟರ್‌ನೆಟ್ಟಿನಲ್ಲಿ ಏನು ಮಾಡುತ್ತಾಳೆ ಅಂತ ಕಣ್ಣಿಡೋದು ಎಲ್ಲ ಅಪರಾಧ. 2013ರಲ್ಲಿ ಐಪಿಸಿಗೆ 354ಡಿ ಅಂತ ಸೇರಿಸಿದರು, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಹಾಡಿನಲ್ಲಿ ಹೀರೋ ಮಾಡೋದು ಇದನ್ನೇ.

ಫಸ್ಟ್ ಡೇ ಫಸ್ಟ್ ಶೋ
ಅತಿಯಾಯಿತು. ಸಿನಿಮಾ ಅಂದರೆ ಸಿನಿಮಾ. ಎರಡೂವರೆ ಗಂಟೆ ನಕ್ಕು ಬರೋಕೆ ಹೋಗೋದು, ಕಾನೂನು ಪಾಠಕ್ಕಲ್ಲ. ಹೀರೋ ಒಂದೇ ಸಲ ಕೇಳಿ ಸುಮ್ಮನಾದರೆ ಕಥೆ ಹತ್ತು ನಿಮಿಷಕ್ಕೆ ಮುಗಿಯುತ್ತೆ. ತುಂಟತನ ಇಲ್ಲದ ಲವ್ ಕಾಮಿಡಿ ಯಾರು ನೋಡುತ್ತಾರೆ? ಮನೆಯಲ್ಲಿ ಬುದ್ಧಿ ಹೇಳಿದ್ದರೆ ಆ ಹುಡುಗರು ಹಾಗೆ ಮಾಡುತ್ತಿರಲಿಲ್ಲ. ಎಲ್ಲ ತಪ್ಪನ್ನೂ ಸಿನಿಮಾದ ತಲೆಗೆ ಕಟ್ಟಬೇಡಿ.

ಹೈಸ್ಕೂಲ್ ಟೀಚರ್
ಎಲ್ಲ ತಪ್ಪು ಸಿನಿಮಾದ್ದು ಅಂತ ನಾನು ಹೇಳಿಲ್ಲ. ಆದರೆ ಮನೆಯಲ್ಲಿ ಬುದ್ಧಿ ಹೇಳಬೇಕಾದ ಅಪ್ಪ ಅಮ್ಮ ಆ ಸೀನಿಗೆ ಪಕ್ಕದಲ್ಲೇ ಕೂತು ನಗುತ್ತಿದ್ದರೆ ಹುಡುಗ ಏನು ತಿಳಿದುಕೊಳ್ಳಬೇಕು? ತುಂಟತನ ಇರಲಿ. ಇಬ್ಬರೂ ಸೇರಿ ಮಾಡುವ ತುಂಟತನ ಎಷ್ಟು ಚೆನ್ನಾಗಿರುತ್ತೆ. ಜಗಳ ಇರಲಿ, ತಪ್ಪು ತಿಳಿವಳಿಕೆ ಇರಲಿ, ಎರಡು ಮನೆಯವರ ಹಠ ಇರಲಿ, ಕಥೆ ಬೆಳೆಯೋಕೆ ಬೇಕಾದಷ್ಟು ದಾರಿ ಇದೆ. ಒಬ್ಬರು ಹೆದರಿ ಇನ್ನೊಬ್ಬರು ನಗುವುದು ಬೇಡ.

ಶಹಾಪುರದಿಂದ
ನನ್ನ ಪ್ರಕಾರ ದೊಡ್ಡ ಕಾಟ ಡಬಲ್ ಮೀನಿಂಗ್. ಕಣ್ಣಿಗೆ ಏನೂ ಕಾಣಲ್ಲ, ಟ್ರೇಲರ್‌ನಲ್ಲೂ ಇರಲ್ಲ. ಹೀರೋ ಗೆಳೆಯರ ಗುಂಪು ಬಂತು ಅಂದರೆ ಶುರು. ಸಣ್ಣ ಮಕ್ಕಳಿಗೆ ಅರ್ಥ ಆಗಲ್ಲ, ಆದರೆ ಎಲ್ಲರೂ ನಕ್ಕಿದ್ದು ನೆನಪಿರುತ್ತೆ. ನನ್ನ ತಮ್ಮನ ಮಗ ಅಂಥದ್ದೇ ಒಂದು ಡೈಲಾಗನ್ನು ಸೀಮಂತದ ಮನೆಯಲ್ಲಿ ಎಲ್ಲರ ಎದುರು ಹೊಡೆದ. ಹೊಡೆದು ನಮ್ಮ ಮುಖ ನೋಡುತ್ತಾನೆ, ಯಾಕೆ ಯಾರೂ ನಗುತ್ತಿಲ್ಲ ಅಂತ.

ಡಬ್ಬಿಂಗ್ ಸಿನಿಮಾದಲ್ಲಿ ಇನ್ನೂ ಕಷ್ಟ. ತೆಲುಗಿನಲ್ಲಿ ನೋಡಿದವರು ‘ಏನಿಲ್ಲ, ಆರಾಮ್ ನೋಡ್ರಿ’ ಅಂದಿದ್ದರು. ಕನ್ನಡದ್ದಕ್ಕೆ ಹೋದರೆ ಮಾತೇ ಬೇರೆ ಇತ್ತು.

ಸೇಡಂ ರಸ್ತೆ
ಅದಕ್ಕೇ ಡಬ್ ಆದ ಪ್ರತಿ ಭಾಷೆಗೂ ಬೇರೆ ಬೇರೆ ಸರ್ಟಿಫಿಕೇಟ್ ತಗೋಬೇಕು. ತೆಲುಗಿನದ್ದು ನೋಡಿ ಕನ್ನಡದ್ದೂ ಹಾಗೇ ಅಂತ ಅಂದುಕೊಳ್ಳಬೇಡಿ. ನೀವು ನೋಡುವ ಭಾಷೆಯ ಪೋಸ್ಟರ್ ಮೇಲೆ ಏನಿದೆ ಅದನ್ನೇ ನೋಡಿ.

ಗುರುಮಠಕಲ್
ನಮ್ಮ ಕಡೆ ತೆಲುಗಿನಲ್ಲೇ ನೋಡುತ್ತಾರೆ, ತೆಲಂಗಾಣ ಪಕ್ಕದಲ್ಲೇ ಇದೆಯಲ್ಲ. ಬೀದರ್, ಬಸವಕಲ್ಯಾಣದ ಕಡೆ ಹಿಂದಿ, ಮರಾಠಿಯೂ ನಡೆಯುತ್ತೆ. ಒಂದೇ ಮನೆಯಲ್ಲಿ ಅಜ್ಜಿಗೆ ಒಂದು ಭಾಷೆ, ಮೊಮ್ಮಕ್ಕಳಿಗೆ ಇನ್ನೊಂದು. ಅಜ್ಜಿಗೆ ಹಿಂದಿ ಬರಲ್ಲ ಅಂತ ಧೈರ್ಯವಾಗಿ ಹಿಂದಿ ಸಿನಿಮಾಕ್ಕೆ ಕರೆದುಕೊಂಡು ಹೋಗುವವರೂ ಇದ್ದಾರೆ. ಅಜ್ಜಿಗೆ ಎಲ್ಲ ತಿಳಿಯುತ್ತೆ.

ಶಹಾಬಾದ್ ಸ್ಟೇಷನ್
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ನನಗೆ ಇದು ಬಹಳ ನೋವಿನ ವಿಷಯ. ಕನ್ನಡದ ಲವ್ ಕಾಮಿಡಿಗಳಲ್ಲಿ ನಮ್ಮ ಭಾಷೆ ಯಾರ ಬಾಯಲ್ಲಿ ಬರುತ್ತೆ ನೋಡಿ. ಹೀರೋ ಬೆಂಗಳೂರು ಕನ್ನಡ, ಹೀರೋಯಿನ್ ಬೆಂಗಳೂರು ಕನ್ನಡ. ವಾಚ್‌ಮನ್, ಅಡುಗೆಯವನು, ದಡ್ಡ ಗೆಳೆಯ, ಇವರು ಮಾತ್ರ ‘ಏನ್ರೀಪಾ’ ಅನ್ನಬೇಕು. ಅವನು ಬಾಯಿ ತೆಗೆದರೆ ನಗು. ಮಾತಲ್ಲಿ ಜೋಕ್ ಏನೂ ಇರಲ್ಲ, ನಮ್ಮ ಹಾಗೆ ಮಾತಾಡಿದ್ದೇ ಜೋಕ್.

ನನ್ನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಹಾಸ್ಟೆಲಿನಿಂದ ಫೋನ್ ಮಾಡಿದಾಗ ಗೆಳತಿಯರು ಪಕ್ಕದಲ್ಲಿದ್ದರೆ ನನ್ನ ಜೊತೆ ಬೇರೆ ಥರ ಕನ್ನಡ ಮಾತಾಡುತ್ತಾಳೆ. ಯಾಕವ್ವ ಅಂತ ಕೇಳಿದರೆ ‘ಅವರು ಸಿನಿಮಾದ ಕಾಮಿಡಿ ಡೈಲಾಗ್ ಹೇಳಿ ನಗ್ತಾರ’ ಅಂದಳು. ಮನೆಯವರು ಕೂತು ನೋಡುವ ಸಿನಿಮಾ ಅಂದರೆ ಆ ಮನೆಯ ಮಾತಿಗೆ ಮರ್ಯಾದೆ ಇರಬೇಕು. ಕಪ್ಪು ಬಣ್ಣದ ಹುಡುಗಿ, ದಪ್ಪ ಗೆಳತಿ, ತೊದಲುವ ಅಣ್ಣ, ಇವರ ಮೇಲೆ ಮಾಡುವ ಜೋಕಿಗೂ ಇದೇ ಮಾತು. ಥಿಯೇಟರಿನಲ್ಲಿ ಅಂಥ ಹುಡುಗಿ ಒಬ್ಬಳು ಅಪ್ಪನ ಪಕ್ಕ ಕೂತಿರುತ್ತಾಳೆ.

ರೋಜಾ ಏರಿಯಾ
ನೂರಕ್ಕೆ ನೂರು. ‘ಕ್ಲೀನ್ ಕಾಮಿಡಿ’ ಅಂತ ಹೇಳುವವರು ಇದನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಫಸ್ಟ್ ಡೇ ಫಸ್ಟ್ ಶೋ
ಈ ಒಂದು ವಿಷಯದಲ್ಲಿ ನಾನೂ ನಿಮ್ಮ ಕಡೆ. ನಮ್ಮ ಭಾಷೆ ಮಾತಾಡುವ ಹೀರೋ ಬರಲಿ, ಮೊದಲ ದಿನವೇ ಟಿಕೆಟ್ ತಗೋತೀನಿ.

ಜೇವರ್ಗಿ ರೋಡ್
ಎಲ್ಲ ಸರಿ, ಏಳು ಜನಕ್ಕೆ ಟಿಕೆಟ್ಟಿಗೇ ಎಷ್ಟಾಗುತ್ತೆ ಅಂತ ಯಾರಾದರೂ ಯೋಚಿಸಿದ್ರಾ? 200 ರೂಪಾಯಿ ಮಿತಿ ಅಂತ ಬಂದಿತ್ತಲ್ಲ, ಅದು ಎಲ್ಲಿ ಹೋಯಿತು?

ಕೋರ್ಟ್ ರಸ್ತೆ ವಕೀಲ
2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಅಂತ ನಿಯಮ ತಂದಿತು, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಹಾಲ್‌ಗಳಿಗೆ ವಿನಾಯಿತಿ ಇತ್ತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಇದು ಬೇರೆ ಚರ್ಚೆ, ಇಲ್ಲಿ ಬೇಡ.

ಬ್ರಹ್ಮಪುರದ ಸೊಸೆ
ನಮ್ಮೆಜಮಾನರೂ ದುಡ್ಡಿನ ಮಾತೇ ಎತ್ತಿದರು. ಒಟಿಟಿಗೆ ಬರುವವರೆಗೆ ಕಾದು ಮನೆಯಲ್ಲೇ ನೋಡೋಣ, ಬೇಡದ್ದು ಬಂದರೆ ಓಡಿಸಬಹುದು ಅಂತಾರೆ. ಅದು ಸರಿಯಾ?

ಸೇಡಂ ರಸ್ತೆ
ಸರಿ, ಆದರೆ ಒಂದು ಎಚ್ಚರ. ಥಿಯೇಟರಿನ ಸರ್ಟಿಫಿಕೇಟ್ ಕೊಡೋದು ಬೋರ್ಡು. ಒಟಿಟಿಯಲ್ಲಿ ವಯಸ್ಸು ಹಾಕೋದು ಆ ಕಂಪನಿಯವರೇ, 2021ರ ನಿಯಮದ ಪ್ರಕಾರ. ಥಿಯೇಟರಿನಲ್ಲಿ ಕತ್ತರಿಸಿದ್ದನ್ನು ಕೆಲವು ಸಿನಿಮಾಗಳಲ್ಲಿ ಮತ್ತೆ ಸೇರಿಸಿಯೂ ಹಾಕುತ್ತಾರೆ. ‘ಥಿಯೇಟರಿನಲ್ಲಿ ಏನೂ ಇರಲಿಲ್ಲ’ ಅಂತ ಯಾರೋ ಹೇಳಿದ್ದನ್ನು ನಂಬಿ ಟಿವಿ ಮುಂದೆ ಕೂರಬೇಡಿ.

ಅದರಲ್ಲಿ ಒಂದು ಅನುಕೂಲವೂ ಇದೆ. ಶುರುವಾಗುವಾಗ ಮೂಲೆಯಲ್ಲಿ ವಯಸ್ಸಿನ ಜೊತೆ ಎರಡು ಮೂರು ಪದ ಬರುತ್ತೆ: ಬೈಗುಳ, ಲೈಂಗಿಕ ದೃಶ್ಯ, ಮಾದಕ ವಸ್ತು, ಹಿಂಸೆ ಹೀಗೆ. ನಾವು ಯಾರೂ ಅದನ್ನು ಓದಲ್ಲ. ಪೋಸ್ಟರ್ ಮೇಲಿನ ಬರೀ 13+ಗಿಂತ ಅದು ಎಷ್ಟೋ ಮೇಲು.

ಸಿನಿಮಾ ಮಾಹಿತಿ ಕೊಡುವ ಐಎಂಡಿಬಿ ವೆಬ್‌ಸೈಟಿನಲ್ಲಿ ‘ಪೇರೆಂಟ್ಸ್ ಗೈಡ್’ ಅಂತ ಒಂದು ಭಾಗ ಇದೆ. ನೋಡಿದವರೇ ಸೀನ್ ಸೀನ್ ಬರೆದಿರುತ್ತಾರೆ. ದೊಡ್ಡ ಹಿಂದಿ ಸಿನಿಮಾಗಳಿಗೆ ಉಪಯೋಗ ಆಗುತ್ತೆ. ಕನ್ನಡದವಕ್ಕೆ ಎಷ್ಟೋ ಸಲ ಖಾಲಿ ಇರುತ್ತೆ. ನೀವು ನೋಡಿ ಬಂದ ಮೇಲೆ ನಾಲ್ಕು ಸಾಲು ಬರೆದರೆ ಇನ್ನೊಬ್ಬರಿಗೆ ಸಹಾಯ.

ಆಳಂದದ ಮೇಷ್ಟ್ರು
ಟಿವಿ ಚಾನೆಲ್ ಬಗ್ಗೆಯೂ ತಿಳಿದಿರಲಿ. ‘ಎ’ ಸಿನಿಮಾವನ್ನು ಹಾಗೇ ಚಾನೆಲ್‌ನಲ್ಲಿ ಹಾಕುವಂತಿಲ್ಲ, ಕತ್ತರಿಸಿ ಬೇರೆ ಸರ್ಟಿಫಿಕೇಟ್ ತಗೋಬೇಕು. ಹಾಗಾಗಿ ಟಿವಿಯಲ್ಲಿ ಸಪ್ಪೆಯಾಗಿ ಕಂಡ ಸಿನಿಮಾ ಬೇರೆ ಕಡೆ ಪೂರ್ತಿ ಬೇರೆಯೇ ಇರಬಹುದು.

ಬೀದರ್ ಕೋಟೆ
ರಿಮೋಟ್ ಹಿಡಿದು ಓಡಿಸೋದು ಇನ್ನೂ ದೊಡ್ಡ ಮುಜುಗರ. ಓಡಿಸಿದ ತಕ್ಷಣ ಮಕ್ಕಳಿಗೆ ಅಲ್ಲಿ ಏನೋ ಇದೆ ಅಂತ ಗೊತ್ತಾಗುತ್ತೆ. ಆಮೇಲೆ ಮೊಬೈಲಿನಲ್ಲಿ ಅದೊಂದೇ ಸೀನ್ ಹುಡುಕುತ್ತಾರೆ.

ಹೈಸ್ಕೂಲ್ ಟೀಚರ್
ಇದು ನಿಜ. ಬಂದರೆ ಬರಲಿ, ಸುಮ್ನೆ ಕೂತಿರಿ. ಮಗಳು ಕೇಳಿದರೆ ಮನೆಗೆ ಬಂದ ಮೇಲೆ ಅಮ್ಮನೋ ಅತ್ತೆಯೋ ಎರಡು ಮಾತಲ್ಲಿ ಉತ್ತರ ಕೊಡಲಿ. 14 ವರ್ಷಕ್ಕೆ ಅವರಿಗೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಗೊತ್ತಿರುತ್ತೆ. ಯಾರೋ ಗೆಳತಿ ಹೇಳಿದ್ದಕ್ಕಿಂತ ನಿಮ್ಮ ಬಾಯಿಂದ ಕೇಳಿದರೆ ಒಳ್ಳೇದು.

ಚಿಂಚೋಳಿ
@ಬ್ರಹ್ಮಪುರದ ಸೊಸೆ, ನೀವು ಇನ್‌ಬಾಕ್ಸಿನಲ್ಲಿ ಹೆಸರು ಹೇಳಿದ ಸಿನಿಮಾವನ್ನು ನಿನ್ನೆ ಮ್ಯಾಟಿನಿ ನೋಡಿದೆ. ಕಥೆ ಹೇಳಲ್ಲ, ನಿಮಗೆ ಬೇಕಾದ್ದು ಮಾತ್ರ ಹೇಳುತ್ತೇನೆ. ಇಂಟರ್‌ವೆಲ್‌ಗೆ ಸ್ವಲ್ಪ ಮೊದಲು ಒಂದು ಮುತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ಹುಡುಗ ಹಿಂದೆ ಬೀಳಲ್ಲ. ಹುಡುಗಿಯೇ ಮೊದಲು ಮಾತಾಡಿಸುತ್ತಾಳೆ, ಮಧ್ಯದಲ್ಲಿ ಅವಳು ಬೇಡ ಅಂದಾಗ ಅವನು ಊರಿಗೆ ವಾಪಸ್ ಹೋಗುತ್ತಾನೆ. ಟೀಚರ್ ಪರೀಕ್ಷೆಯಲ್ಲಿ ಪಾಸು. ಆದರೆ ಸೆಕೆಂಡ್ ಹಾಫ್ ಶುರುವಿನಲ್ಲಿ ಬಾರ್ ಹಾಡು ಇದೆ, ಗೆಳೆಯರ ಗುಂಪಿನ ಮಾತು ಕೆಟ್ಟದ್ದಾಗಿದೆ, 13+ ಕೊಟ್ಟಿದ್ದು ಅದಕ್ಕೇ ಇರಬೇಕು. ಕ್ಲೈಮ್ಯಾಕ್ಸ್‌ನಲ್ಲಿ ಇಬ್ಬರ ಅಪ್ಪಂದಿರು ಜಗಳ ಆಡೋದು ನಿಮ್ಮ ಮಾವನಿಗೆ ಖಂಡಿತ ಹಿಡಿಸುತ್ತೆ.

ಬ್ರಹ್ಮಪುರದ ಸೊಸೆ
ಇಷ್ಟು ಸಾಕು! ನಾದಿನಿಗೂ ಓದಿ ಹೇಳಿದೆ. ಹೋಗುತ್ತೇವೆ, ಎರಡು ಸಾಲಿನಲ್ಲಿ ಟಿಕೆಟ್ ತಗೊಂಡೇ ಹೋಗುತ್ತೇವೆ. 9 ವರ್ಷದವನದ್ದು ಮಾತ್ರ ಯೋಚನೆ ಆಗಿದೆ. ಬಿಟ್ಟು ಹೋದರೆ ಮನೆ ರಣರಂಗ.

ಫಸ್ಟ್ ಡೇ ಫಸ್ಟ್ ಶೋ
ಕರೆದುಕೊಂಡು ಹೋಗಿ. ಅವನಿಗೆ ಪಾಪ್‌ಕಾರ್ನ್ ಸಿಕ್ಕರೆ ಸಾಕು.

ಹೈಸ್ಕೂಲ್ ಟೀಚರ್
ಬೇಡ. ಗೆಳೆಯರ ಗುಂಪಿನ ಮಾತು ಕೆಟ್ಟದ್ದು ಅಂತ ನೋಡಿದವರೇ ಹೇಳುತ್ತಿದ್ದಾರೆ. 9 ವರ್ಷದವನು ಎತ್ತಿಕೊಳ್ಳೋದು ಅದನ್ನೇ, ಶಹಾಪುರದವರು ಹೇಳಿದ್ದನ್ನು ಓದಿ. ಅವನಿಗೆ ಬೇರೆ ದಿನ ಯು ಸಿನಿಮಾ ತೋರಿಸಿ.

ರೋಜಾ ಏರಿಯಾ
ಹುಡುಗನೊಬ್ಬನನ್ನೇ ಬಿಟ್ಟು ಎಲ್ಲರೂ ಹೋದರೆ ಅವನಿಗೆ ಬೇಜಾರಾಗುತ್ತೆ. ಒಬ್ಬರು ಅವನ ಜೊತೆ ಉಳಿಯಲಿ. ಸಂಜೆ ಬಿಸಿಲು ಇಳಿದ ಮೇಲೆ ಅಪ್ಪನ ಕೆರೆ ಕಡೆ ಕರೆದುಕೊಂಡು ಹೋಗಿ ಮಿರ್ಚಿ ಭಜಿ ಕೊಡಿಸಿದರೆ ಸಿನಿಮಾ ಮರೆತೇ ಬಿಡುತ್ತಾನೆ.

ಬ್ರಹ್ಮಪುರದ ಸೊಸೆ
ಮಾವನವರೇ ‘ನಾನು ಮೊಮ್ಮಗನ ಜೊತೆ ಇರ್ತೀನಿ, ನೀವು ಹೋಗಿ ಬರ್ರಿ’ ಅಂದರು. ಹಾಗಿದ್ದರೆ ಅಪ್ಪಂದಿರ ಜಗಳದ ಸೀನ್ ಅವರಿಗೆ ತಪ್ಪುತ್ತೆ. ಒಟಿಟಿಗೆ ಬಂದ ಮೇಲೆ ಅವರಿಗೆ ತೋರಿಸುತ್ತೇವೆ. ಹುಡುಗನ ಕೈಗೆ ಸಿಗದ ಹಾಗೆ ಲಾಕ್ ಹಾಕೋದು ಹೇಗೆ ಅಂತ ಯಾರಾದರೂ ಹೇಳಿ.

ಸೇಡಂ ರಸ್ತೆ
ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಪೇರೆಂಟಲ್ ಕಂಟ್ರೋಲ್ ಅಂತ ಇರುತ್ತೆ. 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಲಾಕ್ ಕೊಡಲೇಬೇಕು ಅಂತ ನಿಯಮವೇ ಇದೆ. ಮಗನಿಗೆ ಬೇರೆ ಪ್ರೊಫೈಲ್ ಮಾಡಿ ವಯಸ್ಸು 7+ಗೆ ಇಡಿ. ನಿಮ್ಮ ಪ್ರೊಫೈಲಿಗೆ ಪಿನ್ ಹಾಕಿ. ಪಿನ್ ಒತ್ತುವಾಗ ಅವನು ಪಕ್ಕದಲ್ಲಿ ಇರಬಾರದು, ಮನೆಯವರ ಹುಟ್ಟಿದ ವರ್ಷ ಇಡಬೇಡಿ, ಮಕ್ಕಳು ಮೊದಲು ಹೊಡೆದು ನೋಡೋದೇ ಅದನ್ನು.